ಜಪಾನಿನ ಮಸಿ ಚಿತ್ರಕಲೆ ‘ಸುಮಿ-ಎ’ ಕಲಿಯಲು ಎಲ್ಲಿಂದ ಶುರು ಮಾಡಬೇಕು?

ಬಿದಿರಿನಿಂದ ಶುರು ಮಾಡಿ. ಬಿದಿರು, ಆರ್ಕಿಡ್, ಪ್ಲಮ್ ಹೂವು, ಸೇವಂತಿಗೆ ಇವು ನಾಲ್ಕು ಹಳೆಯ ಪಾಠಗಳು, ಚೀನಾದಿಂದ ಜಪಾನಿಗೆ ಬಂದವು. ಕುಂಚದ ಮುಖ್ಯ ಎಳೆತಗಳೆಲ್ಲ ಇವುಗಳಲ್ಲೇ ಸಿಗುತ್ತವೆ.

ಕುಂಚಕ್ಕೆ ಮಸಿ ತುಂಬುವುದನ್ನು ಕಲಿತರೆ ಅರ್ಧ ಕೆಲಸ ಮುಗಿದ ಹಾಗೆ. ಮೊದಲು ಕುಂಚವನ್ನು ನೀರಲ್ಲಿ ಅದ್ದಿ, ತಟ್ಟೆಯ ಅಂಚಿಗೆ ಒರೆಸಿ. ಆಮೇಲೆ ಪೂರ್ತಿ ಕೂದಲಿಗೆ ತಿಳಿ ಮಸಿ, ಅರ್ಧದವರೆಗೆ ಸ್ವಲ್ಪ ಗಾಢ ಮಸಿ, ತುದಿಗೆ ಮಾತ್ರ ಕಡುಕಪ್ಪು. ಈಗ ಕುಂಚವನ್ನು ಕಾಗದದ ಮೇಲೆ ಅಡ್ಡ ಮಲಗಿಸಿ ಎಳೆಯಿರಿ. ಒಂದೇ ಎಳೆತಕ್ಕೆ ಕಾಂಡದ ಒಂದು ಬದಿ ಕಪ್ಪಾಗಿ, ಇನ್ನೊಂದು ಬದಿ ಬೆಳಕು ಬಿದ್ದಂತೆ ಮೂಡುತ್ತದೆ. ನೋಡೋಕೆ ತುಂಬಾ ಖುಷಿಯಾಗುತ್ತದೆ! ಗೆಣ್ಣು ಬರುವಲ್ಲಿ ಒತ್ತಿ, ನಿಲ್ಲಿಸಿ, ಎತ್ತಿ. ಚೂರು ಬಿಳಿ ಜಾಗ ಬಿಟ್ಟು ಮುಂದಿನ ತುಂಡು ಎಳೆಯಿರಿ. ಬೆರಳಷ್ಟೇ ಅಲ್ಲ, ಇಡೀ ತೋಳು ಆಡಬೇಕು. ಒಮ್ಮೆ ಎಳೆದ ಮೇಲೆ ತಿದ್ದಲು ಹೋಗಬೇಡಿ, ಕಾಗದ ಮಸಿಯನ್ನು ಹೀರಿಬಿಟ್ಟಿರುತ್ತದೆ.

ಸಾಮಾನಿಗೆ ಜಾಸ್ತಿ ಖರ್ಚು ಬೇಡ. ಕಾಡಿಗೆಗೆ ಪ್ರಾಣಿಗಳ ಅಂಟು ಬೆರೆಸಿ ಮಾಡಿದ ಮಸಿಕಡ್ಡಿಗೆ ನಾರಾ ನಗರ ಹೆಸರುವಾಸಿ. ಅದನ್ನು ಕಲ್ಲಿನ ಮೇಲೆ ನೀರು ಹಾಕಿ ತೇಯಬೇಕು. ಆದರೆ ಶುರುವಿಗೆ ಬಾಟಲಿ ಮಸಿ ಸಾಕು, ಅಭ್ಯಾಸಕ್ಕೆ ಹಳೆ ಪೇಪರ್ ಸಾಕು. ಕುಂಚ ಮಾತ್ರ ಒದ್ದೆಯಾದಾಗ ತುದಿ ಚೂಪಾಗುವಂಥದ್ದೇ ತಗೊಳ್ಳಿ.

ಜೊತೆಗೆ ಒಳ್ಳೆಯ ಚಿತ್ರಗಳನ್ನು ನೋಡುತ್ತಿರಿ. ಝೆನ್ ಭಿಕ್ಷು ಸೆಶ್ಶು 1495ರಲ್ಲಿ ಮಸಿ ಚೆಲ್ಲಿದಂತೆ ಬಿಡಿಸಿದ ಬೆಟ್ಟದ ಚಿತ್ರ ಟೋಕಿಯೊ ರಾಷ್ಟ್ರೀಯ ಮ್ಯೂಸಿಯಂನಲ್ಲಿದೆ. ಹಸೆಗಾವಾ ತೊಹಾಕು ಬಿಡಿಸಿದ ಪೈನ್ ಮರಗಳೂ ಅಲ್ಲೇ ಇವೆ. ಮರಗಳ ನಡುವಿನ ಖಾಲಿ ಜಾಗವೇ ಅಲ್ಲಿ ಮಂಜಾಗಿದೆ, ಅದನ್ನು ಗಮನಿಸಿ.