ನೀವು ಕೇಳಿದಿರಿ: ದೋಣಿಯ ಎಡಬಲ, ದೋಣಿಯ ಆಳ

ಪ್ರಶ್ನೆ: ಮುಂಬಯಿಯ ಗೇಟ್‌ವೇಯಿಂದ ಮಾಂಡ್ವಾಕ್ಕೆ ಹೋಗುವಾಗ ದೋಣಿಯವರು ‘ಪೋರ್ಟ್’, ‘ಸ್ಟಾರ್‌ಬೋರ್ಡ್’ ಎನ್ನುತ್ತಿದ್ದರು. ಎಡ, ಬಲ ಎಂದರೆ ಸಾಲದೇ?
– ಓದುಗರು, ಡೊಂಬಿವಲಿ

ಉತ್ತರ: ಸಾಲದು. ಎದುರುಬದುರು ಕುಳಿತ ಇಬ್ಬರಲ್ಲಿ ಒಬ್ಬರ ಎಡ ಇನ್ನೊಬ್ಬರಿಗೆ ಬಲವಾಗುತ್ತದೆ; ಅಡ್ಡಬಂದ ಬಲೆಯನ್ನು ತೋರಿಸಬೇಕಾದ ಗಳಿಗೆಯಲ್ಲಿ ಆ ಗೊಂದಲಕ್ಕೆ ಎಡೆಯಿರಬಾರದು. ದೋಣಿಯ ಮುಂತುದಿಗೆ ‘ಬೋ’ ಎಂದೂ ಹಿಂತುದಿಗೆ ‘ಸ್ಟರ್ನ್’ ಎಂದೂ ಹೆಸರು. ಮುಂತುದಿಯತ್ತ ಮುಖಮಾಡಿ ನಿಂತಾಗ ಎಡಕ್ಕಿರುವ ಪಾರ್ಶ್ವ ಪೋರ್ಟ್, ಬಲಕ್ಕಿರುವುದು ಸ್ಟಾರ್‌ಬೋರ್ಡ್. ನೀವು ಯಾವ ಕಡೆ ತಿರುಗಿ ಕುಳಿತರೂ ಅವು ಬದಲಾಗುವುದಿಲ್ಲ. ಈ ಹೆಸರುಗಳ ಮೂಲ ಇದು: ಹಿಂದೆ ಉತ್ತರ ಯುರೋಪಿನ ಹಡಗುಗಳಲ್ಲಿ ಚುಕ್ಕಾಣಿಯ ಹುಟ್ಟು ಬಲಪಾರ್ಶ್ವದಲ್ಲಿರುತ್ತಿತ್ತು. ಅದು ಧಕ್ಕೆಗೆ ಸಿಕ್ಕಿ ಮುರಿಯದಿರಲೆಂದು ಎಡಪಾರ್ಶ್ವವನ್ನೇ ದಡಕ್ಕೆ ಒತ್ತಿ ನಿಲ್ಲಿಸುತ್ತಿದ್ದರು.

ಈ ವ್ಯವಸ್ಥೆಯ ನಿಜವಾದ ಬೆಲೆ ತಿಳಿಯುವುದು ಕತ್ತಲಾದ ಮೇಲೆ. ಚಲಿಸುತ್ತಿರುವ ಯಂತ್ರದೋಣಿಗೆ ಪೋರ್ಟ್ ಕಡೆ ಕೆಂಪು, ಸ್ಟಾರ್‌ಬೋರ್ಡ್ ಕಡೆ ಹಸಿರು, ಹಿಂದೆ ಬಿಳಿ ದೀಪವಿರಬೇಕು. ಅಪೋಲೋ ಬಂದರಿನ ಕಟ್ಟೆಯಿಂದ ನೋಡುವಾಗ ಕೆಂಪು ಮಾತ್ರ ಕಂಡರೆ ಆ ದೋಣಿ ನಿಮ್ಮ ಎಡಕ್ಕೆ ಸಾಗುತ್ತಿದೆ, ಹಸಿರು ಮಾತ್ರ ಕಂಡರೆ ಬಲಕ್ಕೆ. ಎರಡೂ ಒಟ್ಟಿಗೆ ಕಂಡರೆ ನೇರ ನಿಮ್ಮತ್ತಲೇ ಬರುತ್ತಿದೆ. 1972ರ ಅಂತಾರಾಷ್ಟ್ರೀಯ ನಿಯಮಗಳ ಪ್ರಕಾರ ಮುಖಾಮುಖಿಯಾದ ಎರಡು ಯಂತ್ರದೋಣಿಗಳೂ ತಮ್ಮ ತಮ್ಮ ಬಲಕ್ಕೆ ಹೊರಳಬೇಕು. ದಾರಿಗಳು ಅಡ್ಡಹಾಯುವಾಗ ಯಾರ ಬಲಗಡೆ ಇನ್ನೊಂದು ದೋಣಿ ಇದೆಯೋ ಅವರು ದಾರಿ ಬಿಡಬೇಕು. ಅವರ ಕಣ್ಣಿಗೆ ಬೀಳುವುದೂ ಎದುರಿನ ದೋಣಿಯ ಕೆಂಪು ದೀಪವೇ.

ಪ್ರಶ್ನೆ: ಗೋವಾದ ರಾಯಬಂದರಿನಿಂದ ಚೋಡಣಕ್ಕೆ ಹೋಗುವ ಫೆರ್ರಿ ದಡದ ಇಳಿಜಾರಿಗೇ ಬಂದು ನಿಲ್ಲುತ್ತದೆ. ಮೀನುಗಾರಿಕೆಯ ಟ್ರಾಲರ್ ಏಕೆ ಹಾಗೆ ಬರಲಾರದು?
– ಓದುಗರು, ವಾಸ್ಕೋ

ಉತ್ತರ: ನೀರಿನ ಮಟ್ಟದಿಂದ ದೋಣಿಯ ತೀರ ಕೆಳತುದಿಯವರೆಗಿನ ಆಳವನ್ನು ‘ಡ್ರಾಫ್ಟ್’ ಎನ್ನುತ್ತಾರೆ. ಫೆರ್ರಿಯ ತಳ ಚಪ್ಪಟೆ. ಸ್ಕೂಟರು, ಕಾರುಗಳ ಭಾರವನ್ನು ಅಗಲಕ್ಕೆ ಹರಡಿಕೊಂಡು ಸ್ವಲ್ಪವೇ ಮುಳುಗುತ್ತದೆ. ಟ್ರಾಲರಿಗೆ ತಳದ ನಡುವೆ ‘ಕೀಲ್’ ಎಂಬ ಉದ್ದನೆಯ ಬೆನ್ನೆಲುಬು, ಹಿಂಭಾಗದಲ್ಲಿ ನೀರಿನಡಿ ಪ್ರೊಪೆಲ್ಲರ್ ಇರುವುದರಿಂದ ಹೆಚ್ಚು ಆಳ ಬೇಕು. ಆದರೆ ತೆರೆದ ಕಡಲಿನ ಅಲೆಗೆ ಚಪ್ಪಟೆ ತಳ ಹೇಳಿಸಿದ್ದಲ್ಲ. ಮಾಂಡವಿ ನದಿಯ ಒಳನೀರಿಗಷ್ಟೇ ಅದು ಸರಿ. ನೀರಿನಿಂದ ದೋಣಿಯ ಅಂಚಿನವರೆಗಿನ ಎತ್ತರ ‘ಫ್ರೀಬೋರ್ಡ್’. ಜನ ಹೆಚ್ಚಿದಷ್ಟೂ ಅದು ತಗ್ಗುತ್ತದೆ, ಅಲೆ ಒಳನುಗ್ಗುವುದು ಸುಲಭವಾಗುತ್ತದೆ. ಅಂಚು ನೀರಿಗೆ ತೀರ ಹತ್ತಿರ ಬಂದಿದ್ದರೆ ಆ ದೋಣಿ ಹತ್ತದಿರುವುದೇ ಲೇಸು, ಹೊತ್ತಾದರೂ ಚಿಂತೆಯಿಲ್ಲ.

ಪ್ರಶ್ನೆ: ‘ಗಂಟೆಗೆ 10 ನಾಟ್’ ಎಂದರೆ ಎಷ್ಟು ವೇಗ?
– ಓದುಗರು, ಮಾಟುಂಗಾ

ಉತ್ತರ: ‘10 ನಾಟ್’ ಎಂದರೆ ಸಾಕು, ‘ಗಂಟೆಗೆ’ ಎಂಬುದು ಅದರಲ್ಲೇ ಅಡಗಿದೆ. ಗಂಟೆಗೆ ಒಂದು ನಾಟಿಕಲ್ ಮೈಲು, ಅಂದರೆ 1,852 ಮೀಟರ್ ಸಾಗಿದರೆ ಒಂದು ನಾಟ್. ಹಾಗಾಗಿ 10 ನಾಟ್ ಎಂದರೆ ಗಂಟೆಗೆ ಸುಮಾರು 18.5 ಕಿಲೋಮೀಟರ್.

ಪ್ರಶ್ನೆ: ನನಗೆ ಕಡಲಪ್ರಯಾಣದಲ್ಲಿ ವಾಂತಿಯಾಗುತ್ತದೆ. ಕ್ಯಾಟಮರಾನ್ ಹತ್ತಿದರೆ ಪರಿಹಾರವಾದೀತೇ?
– ಓದುಗರು, ಠಾಣೆ

ಉತ್ತರ: ಸ್ವಲ್ಪಮಟ್ಟಿಗೆ. ಎರಡು ಒಡಲುಗಳನ್ನು ದೂರದೂರ ಇಟ್ಟು ಮೇಲೆ ಅಟ್ಟಣೆ ಜೋಡಿಸಿರುವುದರಿಂದ ಅದು ಎಡಬಲಕ್ಕೆ ವಾಲುವುದು ಕಡಿಮೆ; ಮುಂದಿನಿಂದ ಬರುವ ಅಲೆಗೆ ಮೂತಿ ಎತ್ತಿ ಇಳಿಸುವ ಕುಲುಕಾಟ ಮಾತ್ರ ತಪ್ಪುವುದಿಲ್ಲ. ಆ ಕುಲುಕಾಟ ಮುಂತುದಿಯಲ್ಲಿ ಅತಿ ಹೆಚ್ಚು, ಆದ್ದರಿಂದ ಕಿಟಕಿಯ ನೋಟಕ್ಕೆ ಆಸೆಪಟ್ಟು ಮುಂದೆ ಹೋಗದೆ ಕೆಳಅಂತಸ್ತಿನಲ್ಲಿ ನಡುವಿನಿಂದ ತುಸು ಹಿಂದೆ ಕುಳಿತು, ಮೊಬೈಲನ್ನು ಚೀಲಕ್ಕೆ ಹಾಕಿ, ದಿಗಂತದತ್ತ ದೃಷ್ಟಿಯಿಡಿ.