ದೊಡ್ಡಪತ್ರೆ ರಸ ಎಂಟು ತಿಂಗಳ ಮಗುವಿಗೆ ಕೊಡಬಹುದಾ?

ಮನೆಯ ದೊಡ್ಡಪತ್ರೆ ಹೂ ಬಿಟ್ಟಿದೆ, ಅದರ ರಸವನ್ನು ಜೇನುತುಪ್ಪದಲ್ಲಿ ಕಲಸಿ ಎಂಟು ತಿಂಗಳ ಮಗುವಿನ ಶೀತಕ್ಕೆ ಕೊಡಬಹುದಾ ಅಂತ ಕೇಳಿದ್ದೀರಿ. ಮೊದಲು ಜೇನಿನ ವಿಷಯ. ಒಂದು ವರ್ಷ ತುಂಬುವವರೆಗೆ ಜೇನು ಬೇಡವೇ ಬೇಡ, ನೆಕ್ಕಿಸಲೂಬೇಡಿ. ಅದರಿಂದ ಬೊಟುಲಿಸಂ ಎಂಬ ಅಪಾಯದ ಕಾಯಿಲೆ ಬರಬಹುದು. ಇಷ್ಟು ಚಿಕ್ಕ ಮಗುವಿಗೆ ರಸವನ್ನೂ ಡಾಕ್ಟರನ್ನು ಕೇಳದೆ ಕೊಡಬೇಡಿ. ಉಸಿರಾಡಲು ಕಷ್ಟಪಡುತ್ತಿದ್ದರೆ, ಹಾಲು ಕುಡಿಯದಿದ್ದರೆ ಈಗಲೇ ತೋರಿಸಿ.

ಹೂವಿಗೆ ಹೆದರಬೇಡಿ, ಎಲೆ ಕೆಡುವುದಿಲ್ಲ. ಆ ತಿಳಿ ನೇರಳೆ ತೆನೆ ಚಿವುಟಿದರೆ ಚಿಗುರು ಜಾಸ್ತಿ ಬರುತ್ತದೆ.

ಶೀತ ನಿಮಗೂ ಅಂಟಿದೆ ಅಂದಿರಲ್ವಾ? ನಾಲ್ಕೈದು ಎಲೆ ಕಾವಲಿ ಮೇಲೆ ಬಾಡಿಸಿ. ಆ ದಪ್ಪ ಎಲೆ ಮೆತ್ತಗಾಗಿ ಓಮದ ಘಮ ಬರುತ್ತದೆ. ಓಮದಲ್ಲಿರುವ ಥೈಮಾಲ್ ಇದರಲ್ಲೂ ಇದೆ. ಹಿಂಡಿದ ರಸ ಒಂದು ಚಮಚ ಸಾಕು. ಮೈಮೇಲೆ ಪಿತ್ತದ ಗಂಧೆ ಎದ್ದಾಗ ಎಲೆ ಉಜ್ಜುವ ರೂಢಿಯೂ ನಮ್ಮಲ್ಲಿದೆ.

ನನಗಂತೂ ತಂಬುಳಿಯೇ ಇಷ್ಟ. ಎಲೆ, ಜೀರಿಗೆ, ಕಾಳುಮೆಣಸು ತುಪ್ಪದಲ್ಲಿ ಹುರಿದು, ಕಾಯಿತುರಿ ಜೊತೆ ರುಬ್ಬಿ, ಮಜ್ಜಿಗೆ ಬೆರೆಸಿ. ಬಿಸಿ ಅನ್ನಕ್ಕೆ ಹಾಕಿಕೊಂಡು ಊಟ ಮಾಡಿ.