ಪೂರ್ವ ಆಫ್ರಿಕಾದ ಪುಟ್ಟ ದೇಶ ಜಿಬೂಟಿಯಲ್ಲಿ ಅಮೆರಿಕ, ಚೀನಾ ಎರಡಕ್ಕೂ ಸೇನಾ ನೆಲೆ ಯಾಕೆ? ಬೆಂಗಳೂರಿಗೆ ಅದರಿಂದ ಏನು?

ಎಲ್ಲದಕ್ಕೂ ಮೂಲ ಬಾಬ್ ಎಲ್-ಮಂದೆಬ್ ಜಲಸಂಧಿ. ಕೆಂಪು ಸಮುದ್ರದ ದಕ್ಷಿಣದ ಈ ಬಾಗಿಲಿನ ಅಗಲ ಸುಮಾರು 30 ಕಿ.ಮೀ. ಮಾತ್ರ. ಸೂಯೆಜ್ ಮೂಲಕ ಏಷ್ಯಾ–ಯುರೋಪ್ ನಡುವೆ ಓಡಾಡುವ ಹಡಗುಗಳು ಇದನ್ನು ದಾಟಲೇಬೇಕು. ಜಿಬೂಟಿ ಇರುವುದು ಇದರ ದಡದಲ್ಲೇ.

ಫ್ರಾನ್ಸ್ ವಸಾಹತು ಕಾಲದಿಂದಲೂ ಅಲ್ಲಿದೆ. 2002ರಲ್ಲಿ ಅಮೆರಿಕ, 2011ರಲ್ಲಿ ಜಪಾನ್, 2017ರಲ್ಲಿ ಚೀನಾ ಬಂದವು. ಇಟಲಿಯದೂ ಒಂದು ನೆಲೆ ಇದೆ. 2014ರ ಒಪ್ಪಂದದಂತೆ ಅಮೆರಿಕ ಒಂದೇ ವರ್ಷಕ್ಕೆ ಕೊಡುವ ಬಾಡಿಗೆ ಸುಮಾರು 6.3 ಕೋಟಿ ಡಾಲರ್. ಹಾಗಾಗಿ ಜಿಬೂಟಿಯನ್ನು ಬರೀ ಬಲಿಪಶು ಎನ್ನಲಾಗದು. ಒಳ್ಳೇ ಜಾಗದಲ್ಲಿ ಸೈಟು ಇರುವ ಜಾಣ ಮಾಲೀಕನಂತೆ ಎಲ್ಲರಿಗೂ ಬಾಡಿಗೆಗೆ ಕೊಟ್ಟಿದೆ.

ಎಡವಟ್ಟಾಗುವುದು ಸಾಲದಲ್ಲಿ. ಬಂದರು, ಇಥಿಯೋಪಿಯಾದ ರಾಜಧಾನಿ ಅಡಿಸ್ ಅಬಾಬಾಗೆ ಹೋಗುವ ರೈಲು ಮಾರ್ಗ, ನೀರಿನ ಪೈಪ್‌ಲೈನ್‌ಗೆ ದೊಡ್ಡ ಮೊತ್ತ ಚೀನಾದಿಂದಲೇ ಬಂತು. ರೈಲಿಗೆ ನಿರೀಕ್ಷಿಸಿದಷ್ಟು ಸರಕು ಸಿಗದೇ ಹೋದರೂ ಕಂತು ನಿಲ್ಲುವುದಿಲ್ಲ. ಇನ್ನೊಂದು, ಒಪ್ಪಂದ ಮುರಿಯುವ ಬೆಲೆ: 2006ರಲ್ಲಿ ದುಬೈನ ಬಂದರು ಕಂಪನಿ ಡಿಪಿ ವರ್ಲ್ಡ್‌ಗೆ ನಡೆಸಲು ಕೊಟ್ಟಿದ್ದ ಜಿಬೂಟಿಯ ದೊರಾಲೆ ಕಂಟೇನರ್ ಟರ್ಮಿನಲನ್ನು ಸರ್ಕಾರ 2018ರ ಫೆಬ್ರುವರಿಯಲ್ಲಿ ವಶಪಡಿಸಿಕೊಂಡಿತು. ವ್ಯಾಜ್ಯ ಲಂಡನ್ನಿನ ಮಧ್ಯಸ್ಥಿಕೆ ನ್ಯಾಯಮಂಡಳಿಗೆ ಹೋಯಿತು. ಅದೇ ಕಂಪನಿ ಪಕ್ಕದ ಸೊಮಾಲಿಲ್ಯಾಂಡಿನ ಬೆರ್ಬೆರಾ ಬಂದರನ್ನು ಬೆಳೆಸಿ ಜಿಬೂಟಿಗೇ ಪೈಪೋಟಿ ಒಡ್ಡಿದೆ.

ಇನ್ನು ಬೆಂಗಳೂರು. ವೈಟ್‌ಫೀಲ್ಡ್ ಕಂಟೇನರ್ ಡಿಪೋದಿಂದ ಚೆನ್ನೈಗೆ ಹೋಗಿ ಯುರೋಪಿಗೆ ಹಡಗು ಹತ್ತುವ ಗಾರ್ಮೆಂಟ್ಸ್, ಯಂತ್ರಭಾಗಗಳ ನೇರ ದಾರಿ ಇದೇ. 2023ರ ನವೆಂಬರಿನಿಂದ ಯೆಮೆನ್‌ನ ಹೂತಿ ಬಂಡುಕೋರರು ಹಡಗುಗಳ ಮೇಲೆ ದಾಳಿ ಶುರು ಮಾಡಿದಾಗ ಬಹಳಷ್ಟು ಹಡಗುಗಳು ಆಫ್ರಿಕಾ ಸುತ್ತಿ ಹೋದವು: 10–14 ದಿನ ಹೆಚ್ಚು, ಸರಕು ಸಾಗಣೆ ದರ, ವಿಮೆ ಎರಡೂ ದುಬಾರಿ. ಅಷ್ಟೊಂದು ನೆಲೆಗಳಿದ್ದೂ!